ಎಡಗುಂಡಿಯ ಮೇಲಿನ ಕೈ

ತಂಗಿಯ ಕಥೆಯ ಕರಡು ಅಚ್ಚನ್ನು ಓದುತ್ತ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅಣ್ಣನ ಮುಖ ಗಂಟಾಯಿತು. ‘ಅಂದು ಯಂತ್ರಕ್ಕೆ ಹಸಿವಾಗಿತ್ತು. ಅದು ಬಾಯಿ ತೆರೆದು ಕಾದಿತ್ತು. ಅವನ ಎರಡು ಬೆರಳುಗಳನ್ನು ನುಂಗಿ, ತೃಪ್ತಿಯಿಂದ ನಿಟ್ಟುಸಿರು ಬಿಟ್ಟಿತು’ ಎಂದು ಅಲ್ಲಿತ್ತು. ಆ ಬೆರಳುಗಳು ಅವನವು. ಹಾಳೆಯನ್ನು ಅವನು ಹಿಡಿದಿದ್ದದ್ದು ಅದೇ ಎಡಗೈಯಲ್ಲಿ. ತೋರುಬೆರಳೂ ನಡುಬೆರಳೂ ಇಲ್ಲದ ಆ ಕೈಯಿಂದ ಹಾಳೆ ಮತ್ತೆ ಮತ್ತೆ ಜಾರುತ್ತಿತ್ತು.

“ಹೇಗಿದೆ?” ಎಂದಳು ತಂಗಿ. ಮೊದಲ ಬಾರಿಗೆ ಅವಳ ಕಥೆಯೊಂದು ಪತ್ರಿಕೆಯಲ್ಲಿ ಬರುವುದಿತ್ತು.

“ಮಷೀನಿಗೆ ಹಸಿವು ಎಲ್ಲಿಂದ ಬಂತು?”

“ಅದು ಅಲಂಕಾರ ಅಣ್ಣ. ಜೀವ ಇಲ್ಲದ್ದಕ್ಕೆ ಜೀವ ಕೊಡೋದು.”

“ಜೀವ ಕೊಟ್ಟೆ, ಸರಿ. ಜೊತೆಗೆ ತಪ್ಪನ್ನೂ ಅದಕ್ಕೇ ಕೊಟ್ಟೆಯಲ್ಲ.”

ಅವನ ಸಿಟ್ಟಿಗೆ ಕಾರಣ ಒಂದು ಮರದ ಬೆಣೆ. ಅವನು ಕೆಲಸ ಮಾಡುವ ಅಚ್ಚುಕೂಟದಲ್ಲಿ ಕಾಗದ ಕತ್ತರಿಸುವ ಕಟಿಂಗ್ ಮಷೀನಿಗೆ ಎಡಕ್ಕೊಂದು, ಬಲಕ್ಕೊಂದು ಗುಂಡಿಯಿತ್ತು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯಬೇಕು. ಮನುಷ್ಯನಿಗಿರುವುದು ಎರಡೇ ಕೈ. ಎರಡೂ ಗುಂಡಿಗಳ ಮೇಲಿದ್ದರೆ ಅಲಗಿನ ಕೆಳಗೆ ಇರುವುದು ಸೊನ್ನೆ. ಮಷೀನು ಕಟ್ಟಿದವನು ಮಾಡಿದ ಲೆಕ್ಕ ಅದು. ಕೆಲಸ ಬೇಗ ಸಾಗಲೆಂದು ಯಜಮಾನರು ಎಡಗುಂಡಿಯನ್ನು ಒಳಕ್ಕೆ ಒತ್ತಿಸಿ ಬೆಣೆ ಹೊಡೆಸಿದ್ದರು. ಬಲಗೈ ಗುಂಡಿ ಒತ್ತುವಾಗ ಎಡಗೈ ಕಾಗದವನ್ನು ಸರಿಪಡಿಸಬಹುದಾಗಿತ್ತು. ಹಾಗೆ ಸರಿಪಡಿಸುವಾಗಲೇ ಅವನ ಬೆರಳು ಹೋದವು.

ಗಾಯ ಮಾಯ್ದ ಮೇಲೆ ಅವನನ್ನು ಅಂಟು ಹಚ್ಚುವ ಮೇಜಿಗೆ ಹಾಕಿದರು. ಅವನ ಜಾಗಕ್ಕೆ ಬಂದವನು ಮೌನಿ; ತೆರೆದ ಬಾಯಿ ಮುಚ್ಚದವನಾದ್ದರಿಂದ ಅಚ್ಚುಕೂಟದವರು ಅವನಿಗಿಟ್ಟ ಹೆಸರು ಅದು. ಮೌನಿ ಮಾತಾಡುತ್ತಲೇ ಎಡಗೈಯನ್ನು ಅಲಗಿನ ಕೆಳಗೆ ಆಡಿಸುತ್ತಿದ್ದ. ಅದನ್ನು ನೋಡುವಾಗಲೆಲ್ಲ ಅಣ್ಣನ ಇಲ್ಲದ ಬೆರಳು ನೋಯುತ್ತಿದ್ದವು. ಬೆಣೆ ತೆಗೆಸಿ ಎಂದು ಯಜಮಾನರ ಮುಂದೆ ನಿಂತು ಕೇಳಿದ್ದ.

“ಮಷೀನು ಅಂದಮೇಲೆ ಒಂದೊಂದು ಸಲ ಸಿಟ್ಟು ಬರುತ್ತೆ ಕಣಯ್ಯ. ಅದರ ಮನಸ್ಸು ಯಾರಿಗೆ ಗೊತ್ತು?” ಎಂದು ಅವರು ಕಡತ ತೆರೆದುಕೊಂಡಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

ಈಗ ಒಡಹುಟ್ಟಿದವಳೂ ನೆಲವೇ ಡೊಂಕು ಎಂದು ಬರೆದಿದ್ದಳು. ಪತ್ರಿಕೆ ಮುದ್ರಣವಾಗುವುದು ಅದೇ ಅಚ್ಚುಕೂಟದಲ್ಲಿ. ಪುಟಗಳ ಅಂಚು ಕತ್ತರಿಸುವುದು ಅದೇ ಮಷೀನು, ಅದೇ ಮೌನಿ.

“ಹಸಿವು ಅನ್ನೋದನ್ನ ತೆಗೆ,” ಎಂದ.

“ತೆಗೆದು ಏನು ಬರೀಲಿ? ‘ಗುಂಡಿಗೆ ಬೆಣೆ ಹೊಡೆಯಲಾಗಿತ್ತು, ಆದಕಾರಣ ಬೆರಳು ತುಂಡಾಯಿತು’ ಅಂತಲಾ? ಓದೋನು ಆಕಳಿಸಿ ಪುಟ ತಿರುಗಿಸ್ತಾನೆ. ಹಸಿವು ಅಂದ್ರೆ ತನ್ನ ಕೈ ಹಿಂದಕ್ಕೆ ಎಳ್ಕೋತಾನೆ.”

“ಸುಳ್ಳಿಗೆ ಕೈ ಎಳ್ಕೊಂಡು ಏನು ಬಂತು? ಕಬ್ಬಿಣ ಕಬ್ಬಿಣವೇ. ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ.”

“ಸೂಜಿಗೆ ಕಣ್ಣು, ಬಾಟಲಿಗೆ ಬಾಯಿ, ಕುರ್ಚಿಗೆ ಕಾಲು. ಇದನ್ನೆಲ್ಲ ನಾನು ಕೊಟ್ಟೆನಾ? ನೀನು ಕೂತಿರೋ ಕುರ್ಚಿಯ ಕಾಲು ಮುರಿದರೆ ಆಸ್ಪತ್ರೆಗೆ ಸೇರಿಸ್ತೀಯಾ?”

“ಮಾತು ತಿರುಗಿಸಬೇಡ.”

“ಸರಿ, ತಿರುಗಿಸಲ್ಲ.” ಅವಳು ಹಾಳೆಯನ್ನು ಕಿತ್ತುಕೊಂಡಳು. “ಈ ಸಾಲು ನನ್ನದಲ್ಲ, ನಿನ್ನದು. ಆಸ್ಪತ್ರೆಯಲ್ಲಿ ಅಮ್ಮ ಅಳ್ತಾ ಇದ್ದಾಗ ಏನಂದೆ? ‘ಅಳಬೇಡಮ್ಮ, ಪಾಪ ಮಷೀನಿಗೆ ಹಸಿವಾಗಿತ್ತು, ಎರಡು ತುತ್ತು ಕೊಟ್ಟೆ’ ಅಂದೆ. ಅಮ್ಮ ಕಣ್ಣೊರೆಸ್ಕೊಂಡು ನಕ್ಕಳು. ಮರೆತೆಯಾ?”

ಅವನು ಮರೆತಿರಲಿಲ್ಲ. ಅಳು ನಿಲ್ಲಿಸಲು ಆಡಿದ ಮಾತು ಈಗ ಯಜಮಾನರ ಕೆಲಸಕ್ಕೆ ಬರುತ್ತಿತ್ತು. ಹಾಸಿಗೆಯ ಪಕ್ಕದಲ್ಲಿ ನಿಂತು ಅವರೂ ಅದನ್ನು ಕೇಳಿಸಿಕೊಂಡಿದ್ದರು. ಅಚ್ಚುಕೂಟದಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಇದ್ದರು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಅವನು ಎದ್ದು ಕಿಟಕಿಯ ಬಳಿ ಹೋದ, ಮತ್ತೆ ಬಂದು ಕೂತ.

“ಅದು ಅಮ್ಮನಿಗೆ ಹೇಳಿದ್ದು. ಊರಿಗೆ ಹೇಳಿದ್ದಲ್ಲ.”

“ಹಾಗಾದ್ರೆ ಊರಿಗೆ ಹೇಳೋದನ್ನ ಹೇಳು, ಬರ್ಕೋತೀನಿ. ಅಲಗು ಇಳೀತು. ಇಳಿಸಿದ್ದು ಯಾರು?”

“ಬಲಗುಂಡಿ ಒತ್ತಿದ್ದು ನಾನು.” ಅವನು ಬಲಗೈಯನ್ನು ಮೇಜಿನ ಮೇಲಿಟ್ಟ. ಎಡಗೈಯನ್ನು ಅದರ ಮುಂದೆ, ಅಲಗಿನ ಕೆಳಗೆ ಇದ್ದ ಹಾಗೆ ಚಾಚಿದ. “ನನ್ನ ಲೆಕ್ಕ ಮುಗೀತು. ಇರೋದು ಎರಡು ಕೈ, ಎರಡೂ ಇಲ್ಲಿವೆ. ಎಡಗುಂಡಿ ಒತ್ತಿದ ಮೂರನೇ ಕೈ ಯಾರದು? ಯಜಮಾನರದು. ಬೆಣೆ ಹೊಡೆಸಿದ ದಿನ ಇಟ್ಟ ಕೈ. ಇನ್ನೂ ತೆಗೆದಿಲ್ಲ.”

ತಂಗಿ ಬರೆಯುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. “ಇದೂ ಅಲಂಕಾರವೇ ಅಣ್ಣ.”

“ಅಲ್ಲ, ಕೂಡುವ ಲೆಕ್ಕ.”

“ಆಯ್ತು, ಲೆಕ್ಕವೇ,” ಎಂದು ಅವಳು ನಿಟ್ಟುಸಿರಿನ ಸಾಲನ್ನು ಹೊಡೆದುಹಾಕಿ ಆ ಜಾಗದಲ್ಲಿ ಬರೆದಳು: ‘ಬಲಗುಂಡಿ ಒತ್ತಿದ್ದು ಅವನ ಕೈ. ಎಡಗುಂಡಿಯ ಮೇಲಿದ್ದದ್ದು ಯಜಮಾನರ ಕೈ; ಅದು ಇಂದಿಗೂ ಅಲ್ಲಿಂದ ಎದ್ದಿಲ್ಲ.’ ಹಸಿವನ್ನು ಮಾತ್ರ ಬಿಡಲಿಲ್ಲ. ಅವನೂ ಮತ್ತೆ ಕೇಳಲಿಲ್ಲ.

ತಿದ್ದಿದ ಕರಡು ಬೆಳಿಗ್ಗೆ ಅಚ್ಚುಕೂಟಕ್ಕೆ ಹೋಯಿತು. ಅದನ್ನು ಮೊದಲು ಓದಿದವನು ಮೌನಿ. ಓದಿದ್ದು ಗಟ್ಟಿಯಾಗಿ, ಹಾಳೆ ಮಡಿಸುವ ಮಡಿಕೆ ಮೇಜಿನ ಹೆಂಗಸರೆಲ್ಲ ಕೇಳುವಂತೆ. ಆಮೇಲೆ ಯಜಮಾನರು ಓದಿದರು. ಅಣ್ಣನಿಗೆ ಕರೆ ಬಂತು.

“ನಿನ್ನ ತಂಗಿ ಚೆನ್ನಾಗಿ ಬರೀತಾಳಯ್ಯ. ಹಸಿದ ಯಂತ್ರ ಅನ್ನೋದಂತೂ ಬಹಳ ಸೊಗಸು. ಈ ಕೈ ಮಾತ್ರ ಅರ್ಥ ಆಗಲ್ಲ. ನನ್ನ ಕೈ ಎರಡೂ ಇಲ್ಲೇ ಇವೆಯಲ್ಲ.” ಅವರು ಕೈಗಳನ್ನು ಎತ್ತಿ ತೋರಿಸಿದರು. “ಪತ್ರಿಕೆಯವರ ಜೊತೆ ಮಾತಾಡಿದೆ. ಆ ಸಾಲು ಬೇಡ ಅಂತ ಅವರೂ ಒಪ್ಪಿದ್ದಾರೆ.”

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಇವರಿಗೆ ಕನ್ನಡಿ ಹಿಡಿದರೂ ಹುಣ್ಣು ಕಾಣಲಿಲ್ಲ. ಅವನು ಹಲ್ಲು ಕಚ್ಚಿಕೊಂಡು ಮೇಜಿಗೆ ಮರಳಿದ. ಯಾವ ಸಾಲಿಗಾಗಿ ಜಗಳವಾಡಿದ್ದನೋ ಅದು ಹೋಗಿತ್ತು. ಯಾವುದು ಬೇಡವೆಂದಿದ್ದನೋ ಅದು ಅಚ್ಚಿಗೆ ಹೊರಟಿತ್ತು. ಡಬ್ಬಿಯಲ್ಲಿ ಅಂಟು ಕೆನೆಗಟ್ಟಿತ್ತು. ಅದನ್ನು ಸುಮ್ಮನೆ ಕಲಕುತ್ತ ನಿಂತ.

ಮಷೀನಿನ ಸದ್ದು ನಿಂತಿತು.

“ಏನಾಯ್ತೋ?” ಎಂದಳು ಮಡಿಕೆ ಮೇಜಿನ ಹಿರಿಯಕ್ಕ.

“ಏನಿಲ್ಲ ಅಕ್ಕ. ಯಜಮಾನರ ಕೈ ಇಷ್ಟು ಹತ್ತಿರ ಇದ್ರೆ ನಂಗೆ ನಾಚಿಕೆ,” ಎಂದ ಮೌನಿ. ಸುತ್ತಿಗೆಯಿಂದ ಎರಡು ಏಟು ಹಾಕಿ ಬೆಣೆಯನ್ನು ಕಿತ್ತು ಕಿಟಕಿಯ ಕಟ್ಟೆಯ ಮೇಲಿಟ್ಟ. ಹೆಂಗಸರು ನಕ್ಕರು. ಅಲಗು ಮತ್ತೆ ಇಳಿಯತೊಡಗಿತು, ನಿಧಾನವಾಗಿ.

ಆ ನಿಧಾನ ಒಳಕೋಣೆಗೆ ಕೇಳಿಸಿತು. ಯಜಮಾನರು ಹೊರಗೆ ಬಂದು ಎಡಗುಂಡಿಯನ್ನು ನೋಡಿದರು.

“ಬೆಣೆ ಹಾಕು.”

“ನನ್ನ ಎರಡೂ ಕೈ ಕೆಲಸದಲ್ಲಿವೆ ಯಜಮಾನರೇ.”

ಅವರು ಅಣ್ಣನ ಕಡೆ ತಿರುಗಿದರು. ಅವನು ಅಂಟು ಮೆತ್ತಿದ ಎಡಗೈಯನ್ನು ಎತ್ತಿ ತೋರಿಸಿದ. ಆ ಕೈಗೆ ಯಾರೂ ಕೆಲಸ ಹೇಳುವಂತಿರಲಿಲ್ಲ.

ಯಜಮಾನರು ತಾವೇ ಬೆಣೆಯನ್ನು ಎತ್ತಿಕೊಂಡು ಮಷೀನಿನ ಬಳಿ ಹೋದರು. ಮೌನಿ ಎರಡು ಹೆಜ್ಜೆ ಹಿಂದೆ ಸರಿದ. ಅವರ ಕೈ ಎಡಗುಂಡಿಯವರೆಗೆ ಹೋಯಿತು. ಮಡಿಕೆ ಮೇಜಿನವರೆಲ್ಲ ಕಾಗದ ಬಿಟ್ಟು ಆ ಕೈಯನ್ನೇ ನೋಡುತ್ತಿದ್ದರು. ಯಾರೂ ನಗುತ್ತಿರಲಿಲ್ಲ.

ಕೈ ಅಲ್ಲಿಯೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವರು ಬೆಣೆಯನ್ನು ಜೇಬಿಗೆ ಹಾಕಿಕೊಂಡರು. “ನಿಧಾನ ಆದ್ರೆ ನಿಮ್ಮ ತಲೆ ಮೇಲೆ,” ಎಂದು ಒಳಗೆ ಹೋದರು.

ಮೌನಿ ಬಲಗೈಯನ್ನು ಬಲಗುಂಡಿಯ ಮೇಲೆ, ಎಡಗೈಯನ್ನು ಎಡಗುಂಡಿಯ ಮೇಲೆ ಇಟ್ಟ. ಮಧ್ಯಾಹ್ನದ ಹೊತ್ತಿಗೆ ಹಸಿದ ಯಂತ್ರದ ಕಥೆ ಅಚ್ಚಾಗಿ, ಅಲಗಿನ ಕೆಳಗೆ ಅಂಚು ಕತ್ತರಿಸಿಕೊಂಡು ಕಟ್ಟುಕಟ್ಟಾಗಿ ಅಣ್ಣನ ಮೇಜಿಗೆ ಬಂತು. ಅವನು ಒಂದು ಪ್ರತಿ ತೆಗೆದು ನೋಡಿದ. ಆ ಸಾಲು ಇರಲಿಲ್ಲ. ಸಂಜೆ ತಂಗಿಗೆ ಏನು ಹೇಳಬೇಕೆಂದು ಯೋಚಿಸುತ್ತ, ಮುಖದ ಗಂಟು ಬಿಚ್ಚದೆಯೇ, ಮುಂದಿನ ಪ್ರತಿಯ ಬೆನ್ನಿಗೆ ಅಂಟು ಹಚ್ಚಿದ.