ಕೈ ಮುಟ್ಟದ ಕೊಬ್ಬರಿ

“ನಿಧಾನಕ್ಕೆ ತೋರ್ಸೇ ಮುಂಡೆ! ಮಿಷನ್ನು ಕಲೀಬ್ಯಾಡ್ವಾ?”

ಸದಾಶಿವಯ್ಯ ಬೈದದ್ದು ಭೈರಮ್ಮನನ್ನು. ಮೊಬೈಲು ಇನ್ನೂ ಸಾಹುಕಾರರ ಜೇಬಿನಲ್ಲಷ್ಟೇ ಇದ್ದ ಕಾಲ. ಕಿಬ್ಬನಹಳ್ಳಿ ಹತ್ತಿರದ ಅವನ ಕೊಬ್ಬರಿಪುಡಿ ಕಾರ್ಖಾನೆಯಲ್ಲಿ ಚೂರು ಆರಿಸುವವರೆಲ್ಲ ಹೊಲಗೇರಿಯ ಹೆಂಗಸರು. ಬಿಳಿಯದು ಈ ಕಡೆ, ಕಪ್ಪು ಹತ್ತಿದ್ದು ಆ ಕಡೆ. ಕಂಪ್ಯೂಟರ್ ಕಣ್ಣಿನ ಮಿಷನ್ನು ಬಂದ ಮೇಲೆ ಒಂದೊಂದು ಚೂರನ್ನೂ ಆ ಕಣ್ಣಿಗೆ ಹಿಡಿದು, ಒಳ್ಳೇದು ಯಾವುದು ಕೆಟ್ಟದ್ದು ಯಾವುದು ಎಂದು ಇವರೇ ಅದಕ್ಕೆ ಹೇಳಿಕೊಡಬೇಕಾಯಿತು. ಕಲಿತ ಮೇಲೆ ಕಪ್ಪು ಕಂಡರೆ ಸಾಕು, ಉಸ್ಸೆಂದು ಗಾಳಿ ಊದಿ ಆಚೆಗೆ ತಳ್ಳುತ್ತದಂತೆ.

“ಇದು ಕಲ್ತ್‌ಮ್ಯಾಲೆ ನಮ್ಗೇನ್ ಕೆಲ್ಸ ಬುದ್ದಿ?” ಭೈರಮ್ಮ ಕೇಳಿಯೇ ಬಿಟ್ಟಳು.

“ಮನೇಲಿ ಹೇನು ಕುಕ್ಕೊಂಡು ಬಿದ್ದಿರು. ಇನ್‌ಮ್ಯಾಲೆ ಚೀಲದ ಮ್ಯಾಲೆ ‘ಕೈ ಮುಟ್ಟದ ಕೊಬ್ಬರಿ’ ಅಂತ ಬರಸ್ತೀನಿ. ಯಾರ್ ಕೈ ಮುಟ್ಟೈತೋ ಅಂತ ಹೇಸೋರು ಕಣ್ಮುಚ್ಕೊಂಡು ತಿಂತಾರೆ ಕಣೇ.”

ಭೈರಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದೆ ಮರಗಟ್ಟಿತ್ತು. ಗಂಡ ಸತ್ತ ಮೇಲೆ ಅವಳ ಮನೆಯ ಒಲೆ ಉರಿದದ್ದು ಈ ಕೈಯಿಂದ. ಈ ಕೈಯನ್ನು ಆಚೆಗೆ ಅಟ್ಟುವುದಕ್ಕೆ ಈ ಕೈಯಿಂದಲೇ ಮಿಷನ್ನಿಗೆ ಪಾಠ ಹೇಳಿಸುತ್ತಾರಲ್ಲ, ಎಂಥ ನಾಚಿಕೆಗೆಟ್ಟ ಜನ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಅದೂ ಅನ್ನಿಸಲಿಲ್ಲ. ಇನ್ನೊಂದು ಚೂರು ಎತ್ತಿ ಹಿಡಿದಳು.

ಮಿಷನ್ನಿನ ಪೂಜೆಯ ದಿನ ಹೆಂಗಸರನ್ನು ಬಾಗಿಲಾಚೆಯೇ ನಿಲ್ಲಿಸಿದರು. ಸದಾಶಿವಯ್ಯ ಮಿಂದು, ವಿಭೂತಿ ಬಳಿದು, ಒದ್ದೆ ಪಂಚೆಯಲ್ಲೇ ಆರತಿ ಎತ್ತಿದ. ಮಿಷನ್ನಿನ ಜೊತೆ ಬಂದಿದ್ದ ಇಂಜಿನಿಯರು ಅದನ್ನು ಶುರು ಮಾಡಿ, ಓಡುತ್ತಿರುವಂತೆಯೇ ಬಿಟ್ಟು, ಸದಾಶಿವಯ್ಯನ ಮನೆಗೆ ಊಟಕ್ಕೆ ಹೋದ.

“ನಾಳಿಂದ ಬರ್ಬ್ಯಾಡ್ರೇ. ಪ್ರಸಾದ ಇಸ್ಕೊಂಡು ಹೊರಡ್ರಿ,” ಎಂದು ಸದಾಶಿವಯ್ಯ ಬಾಳೆಹಣ್ಣುಗಳನ್ನು ಹೊಸಲಾಚೆಗೆ ಎಸೆದ.

ಭೈರಮ್ಮ ಹಣ್ಣು ಎತ್ತಿಕೊಳ್ಳಲಿಲ್ಲ. ಹೊಸಲು ದಾಟಿ ಒಳಗೆ ಬಂದು ಆ ಕಣ್ಣಿನ ಕೆಳಗೆ ಬಲಗೈ ಇಟ್ಟಳು. ಉಸ್ಸೆಂದು ಗಾಳಿ ಬಡಿಯಿತು. ಕಪ್ಪು ಕೈ. ಮಿಷನ್ನು ಚೆನ್ನಾಗಿಯೇ ಕಲಿತಿತ್ತು.

“ತಗಿಯೇ ಬೋಸುಡಿ!”

ತೆಗೆಯಲಿಲ್ಲ. ಗಾಳಿ ನಿಲ್ಲಲಿಲ್ಲ. ಬೆಳ್ಳನೆಯ ಕೊಬ್ಬರಿಯೆಲ್ಲ ಕಸದ ಬುಟ್ಟಿಗೆ ಹಾರಿ ಬೀಳತೊಡಗಿತು. ಮಿಷನ್ನು ನಿಲ್ಲಿಸುವುದು ಹೇಗೆಂದು ಇಂಜಿನಿಯರಿಗೆ ಮಾತ್ರ ಗೊತ್ತಿತ್ತು. ಎಳೆದು ಹಾಕಲು ನುಗ್ಗಿದ ಸದಾಶಿವಯ್ಯ ಮೊಳದ ದೂರದಲ್ಲಿ ಗಕ್ಕನೆ ನಿಂತ. ಮುಟ್ಟಿದರೆ ಮೈಲಿಗೆ.

“ಯಾರಾದ್ರೂ ಎಳೀರೇ ಇವಳ್ನ!”

ಬಾಗಿಲಲ್ಲಿದ್ದ ಹೆಂಗಸರು ಒಬ್ಬರೂ ಅಲುಗಲಿಲ್ಲ.

“ನೀವೇ ಎಳೀರಿ ಬುದ್ದಿ,” ಎಂದು ಭೈರಮ್ಮ ಎಡಗೈಯನ್ನೂ ಇಟ್ಟಳು.