ಸ್ಕಾರ್ವ್‌ದಾಲದ ನಲವತ್ತೆರಡು ಮೀಟರ್

ಸ್ಕಾರ್ವ್‌ದಾಲದ ಸ್ಕೀ ಜಿಗಿತದ ಗುಡ್ಡ ಎಷ್ಟು ಎತ್ತರ ಅಂದರೆ, ಕಾಗೆಗಳು ತುದಿ ಮುಟ್ಟುವ ಮೊದಲು ಎರಡು ಸಲ ಕೂತು ಸುಧಾರಿಸಿಕೊಳ್ಳುತ್ತಿದ್ದವು. ನಾರ್ವೆಯಲ್ಲಿ ಅದಕ್ಕಿಂತ ಎತ್ತರದವು ಆರುನೂರೋ ಏಳುನೂರೋ ಇದ್ದವು, ಆ ಮಾತು ಬೇರೆ. ಅದರ ಮೇಲಿನ ಜಿಗಿತದ ಅಟ್ಟ ಊರವರೇ ಕೂಡಿ ದಿಮ್ಮಿ ಹೊತ್ತು ಕಟ್ಟಿದ್ದು. ಜಿಗಿಯುವವರು ಇಲ್ಲವಾಗಿ ನಲವತ್ತು ವರ್ಷ. ಇಳಿಜಾರಿನ ತುಂಬ ಬರ್ಚ್ ಮರಗಳು ಎದ್ದಿದ್ದವು. ಕೊಳೆತ ಅಟ್ಟವನ್ನು ಶನಿವಾರ ಕೆಡವಿ, ಬುಡದಲ್ಲಿ ಒಂದು ಕಲ್ಲು ನಿಲ್ಲಿಸುವುದೆಂದು ಕ್ರೀಡಾ ಸಂಘ ತೀರ್ಮಾನಿಸಿತು. ಕಲ್ಲಿನ ಮೇಲೆ ಒಂದೇ ಹೆಸರು: ಎಲ್ಲರಿಗಿಂತ ದೂರ ಹಾರಿದವನದು.

ಅದು ತನ್ನದೇ ಎಂದು ತೊರ್ಗಿಲ್ಸ್ ಬ್ರೋತೆನ್ ಅರವತ್ತು ವರ್ಷದಿಂದ ಸಾರುತ್ತ ಬಂದಿದ್ದ. ೧೯೬೩, ನಲವತ್ತೆರಡು ಮೀಟರ್. “ಮೇಲಿದ್ದಾಗಲೇ ಹಸಿವಾಗಿಬಿಡ್ತು, ಅಷ್ಟು ಹೊತ್ತು!” ಎಂದು ಪ್ರತಿ ಕ್ರಿಸ್ಮಸ್ ಊಟದಲ್ಲೂ ಹೇಳುವನು. ಎದುರಿಗೆ ಹೆಂಡತಿಯ ಅಣ್ಣ ಐವಿಂದ್, ನಲವತ್ತೊಂದು ಮೀಟರಿನವನು, ಕುರಿಯ ಪಕ್ಕೆಲುಬು ಚೀಪುತ್ತಿರುವನು.

ಗುರುವಾರ ಗುಡ್ಡದ ಮೇಲಿದ್ದ ತೊರ್ಗಿಲ್ಸ್ ಬಳಿಗೆ ಐವಿಂದ್ ಅಳತೆಯ ಟೇಪು ಹಿಡಿದು ಬಂದ.

“ಏನ್ ಭಾವ, ಗುಡ್ಡಕ್ಕೆ ಅಂಗಿ ಹೊಲಿಸ್ತೀಯಾ?”

“ಬಾಯಿ ಮುಚ್ಕೊಂಡು ತುದಿ ಹಿಡ್ಕೋ.”

ತೊರ್ಗಿಲ್ಸ್ ಜಿಗಿಯುವ ಅಂಚಿಗೆ ಟೇಪು ಒತ್ತಿ ಹಿಡಿದ. ಐವಿಂದ್ ಪೊದೆಯಲ್ಲಿ ಇಳಿದು, ಹಾರಿದ ದೂರ ತಿಳಿಯಲೆಂದು ಪಕ್ಕಕ್ಕೆ ನೆಟ್ಟಿದ್ದ ಅಂಕಿಹಲಗೆಗಳಲ್ಲಿ ೪೨ ಹುಡುಕಿ, ಅಲ್ಲಿಗೆ ಟೇಪು ಎಳೆದ.

“ಟೇಪಲ್ಲಿ ನಲವತ್ತೇ!” ಕೆಳಗಿಂದ ಕೂಗು ಬಂತು.

ತೊರ್ಗಿಲ್ಸ್ ಕೈಕೆಳಗಿನ ದಿಮ್ಮಿ ನೋಡಿದ. ೧೯೬೩ರ ಆ ಚಳಿಗಾಲ ಅಂಚನ್ನು ಎರಡು ಮೀಟರ್ ಮುಂದಕ್ಕೆ ಚಾಚಿದವರಲ್ಲಿ ತಾನೂ ಒಬ್ಬ. ಹೆಪ್ಪುಗಟ್ಟಿದ ನೆಲ ಅಂಕಿಹಲಗೆಗಳನ್ನು ಕಚ್ಚಿ ಹಿಡಿದಿತ್ತು. ಹಿಮ ಕರಗಿದ ಮೇಲೆ ಸರಿಸಿದರಾಯಿತು ಅಂದುಕೊಂಡರು. ಹಿಮ ಕರಗುವಷ್ಟರಲ್ಲಿ ದಾಖಲೆ ಆಗಿಹೋಗಿತ್ತು, ಸರಿಸುವ ಮಾತು ಅವನಿಗೆ ಅನುಕೂಲವಾಗಿ ಮರೆತುಹೋಗಿತ್ತು. ಐವಿಂದ್ ಹಾರಿದ್ದು ಅದಕ್ಕೂ ನಾಲ್ಕು ವರ್ಷ ಮೊದಲು, ಹಳೇ ಅಂಚಿನಿಂದ.

ಐವಿಂದ್ ಏದುಸಿರು ಬಿಡುತ್ತ ಮೇಲೆ ಬಂದ. “ಆವಾಗ್ಲೇ ಗುಮಾನಿ ಇತ್ತು ಕಣೋ. ಹೋಗ್ಲಿ, ಕಲ್ಲಿನ ಮೇಲೆ ನಿನ್ನ ಹೆಸರೇ ಇರ್ಲಿ, ನಾನು ಯಾರಿಗೂ ಹೇಳಲ್ಲ. ಆದ್ರೆ ಇನ್ಮೇಲೆ ಊಟದಲ್ಲಿ ಈ ಗುಡ್ಡದ ಸುದ್ದಿ ಎತ್ಬಾರ್ದು.”

ತೊರ್ಗಿಲ್ಸ್ ಯೋಚಿಸಿದ. ಅವನು ಯೋಚಿಸಿ ಮುಗಿಸುವಷ್ಟರಲ್ಲಿ ಪಕ್ಕದ ಬರ್ಚ್ ಒಂದು ಗೇಣು ಬೆಳೆಯಿತು. ಕಲ್ಲು ಹಿಮದಡಿ ಮೂಕವಾಗಿ ಬಿದ್ದಿರುತ್ತದೆ. ತಾನೂ ಹಾಗೇ ಕೂರುವುದೆ?

“ಕೆತ್ತಿಸ್ಕೋ ಹೋಗ್ ಭಾವ, ನಿನ್ನ ಹೆಸರೇ.”

ಆ ಕ್ರಿಸ್ಮಸ್‌ಗೆ ಮಾಂಸ ತಟ್ಟೆಗೆ ಬೀಳುವ ಮೊದಲೇ ತೊರ್ಗಿಲ್ಸ್ ಶುರುಮಾಡಿದ: “ಇದ್ದ ದಾಖಲೇನ ಕೈಯಾರೆ ಬಿಟ್ಟುಕೊಟ್ಟ ಗಂಡಸು ಇಡೀ ನಾರ್ವೇಲಿ ಇನ್ನೊಬ್ಬ ಇದ್ರೆ ತೋರ್ಸಿ!”

ಐವಿಂದ್ ಇನ್ನೊಂದು ಪಕ್ಕೆಲುಬು ಎಳೆದುಕೊಂಡ.