ಹನ್ನೊಂದು ಎಲೆಕ್ಟ್ರಾನುಗಳ ಪಂಕ್ತಿ

೧೯೯೭ರಲ್ಲಿ ನನಗೆ ಮೂವತ್ತೊಂದು ವರ್ಷ. ನಂಜನಗೂಡಿನ ಹತ್ತಿರ ತಾಂಡ್ಯದ ನೂಲಿನ ಕಾರ್ಖಾನೆಯೊಂದರಲ್ಲಿ ಎಂಟು ವರ್ಷದಿಂದ ಹೆಲ್ಪರ್ ಆಗಿದ್ದೆ. ಸೂಪರ್‌ವೈಸರ್ ಚಂದ್ರಶೇಖರ್ ಒಂದು ದಿನ ಕರೆದು, "ಆಪರೇಟರ್ ಕೆಲ್ಸ ಖಾಲಿ ಅದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ರೆ ನಿಂದೇ. ಜೂನ್ ಒಳ್ಗೆ ಮಾರ್ಕ್ಸ್ ಕಾರ್ಡ್ ತಗಂಬಾ" ಅಂದರು. ನಾನೋ ವಿಜ್ಞಾನ ಒಂದರಲ್ಲೇ ಎರಡು ಸಲ ಫೇಲಾಗಿ ಓದು ಬಿಟ್ಟವನು. ಮತ್ತೆ ಪರೀಕ್ಷೆಗೆ ಕಟ್ಟಿದೆ.

ಹೇಳಿಕೊಡಲು ಸಿಕ್ಕಿದ್ದು ಹೆಂಡತಿ ಶಿವಮ್ಮಣ್ಣಿ. ಟಿ. ನರಸೀಪುರದ ಕಡೆಯವಳು, ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್. ಮದುವೆಯಾಗಿ ಆರು ವರ್ಷವಾಗಿದ್ದರೂ ಅವಳು ಓದಿದವಳು ಎಂಬುದನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಪರಮಾಣುವಿನ ಪಾಠ. ನಡುವೆ ನ್ಯೂಕ್ಲಿಯಸ್, ಅದರೊಳಗೆ ಪ್ರೋಟಾನ್ ಮತ್ತು ನ್ಯೂಟ್ರಾನ್, ಸುತ್ತ ಎಲೆಕ್ಟ್ರಾನ್. ಪ್ರೋಟಾನಿಗೆ ಧನ ವಿದ್ಯುದಂಶ, ಎಲೆಕ್ಟ್ರಾನಿಗೆ ಋಣ, ನ್ಯೂಟ್ರಾನಿಗೆ ಏನೂ ಇಲ್ಲ. ಇಷ್ಟು ಹೇಗೋ ಬಾಯಿಪಾಠವಾಯಿತು. ಎಲೆಕ್ಟ್ರಾನುಗಳನ್ನು ಕವಚಗಳಿಗೆ ಹಂಚುವಾಗ ತಲೆಕೆಟ್ಟು ಪುಸ್ತಕವನ್ನು ಅಂಗಳಕ್ಕೆ ಎಸೆದೆ.

ಅವಳು ಅದನ್ನು ತಂದು ಧೂಳು ಒರೆಸಿದಳು. "ಮಠದ ದಾಸೋಹದಲ್ಲಿ ಬಡಿಸಕ್ಕೆ ಓಯ್ತೀರಲ್ಲ, ಅಂಗೇ ಅನ್ಕಳಿ. ಮೊದಲ್ನೇ ಸಾಲಲ್ಲಿ ಎರಡೇ ಎಲೆ. ಎರಡ್ನೇದ್ರಲ್ಲಿ ಎಂಟು. ಮಿಕ್ಕೋರು ಮೂರ್ನೇ ಸಾಲು. ಸೋಡಿಯಂಗೆ ಅನ್ನೊಂದು ಜನ. ಕೂರ್ಸಿ ನೋಡಮ."

ಬಡಿಸುವ ಕೆಲಸ ನನಗೆ ಗೊತ್ತು. ಸ್ಲೇಟಿನ ಮೇಲೆ ಸರಸರ ಬರೆದೆ: ಎರಡು, ಏಳು, ಎರಡು.

"ಎರಡ್ನೇ ಸಾಲಲ್ಲಿ ಒಂದೆಲೆ ಖಾಲಿ ಯಾಕ್ ಬುಟ್ರಿ?"

"ಇನ್ನೇನು ಮತ್ತೆ? ಕೊನೇ ಸಾಲಲ್ಲಿ ಒಬ್ಬುನ್ನೇ ಕೂರ್ಸಕಾದದಾ? ಅವಮಾನ ಕಣೇ! ಅದ್ಕೇ ಒಬ್ಬುನ್ನ ಎಬ್ಬಿಸಿ ಜೊತೇಗ್ ಕೂರ್ಸುದೆ."

ಅವಳು ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ಉರಿಯಿತು. "ನಗಬ್ಯಾಡ! ಏನ್ ತಪ್ಪು ಅಂತ ಏಳು."

"ಅಲ್ಲಿ ನಿಮ್ ಮರ್ವಾದೆ ನಡಿಯಲ್ಲ ಕಣ್ರೀ. ಒಂಟಿಯಾಗಿ ಕೂರೋದೇ ಸೋಡಿಯಂ ಗುಣ. ಆ ಒಬ್ಬ ಎದ್ದು ಕ್ಲೋರಿನ್ ಮನೆಗೆ ಓಯ್ತಾನೆ. ಅಲ್ಲಿ ಕೊನೇ ಸಾಲಲ್ಲಿ ಏಳೇ ಜನ, ಒಂದೆಲೆ ಖಾಲಿ. ಎರಡು ಮನೆಗೂ ನಂಟಾಯ್ತು. ನಾವು ತಿನ್ನೋ ಉಪ್ಪು ಅದೇಯ. ನೀವು ಅವ್ನಿಗೆ ಜೊತೆ ಕೊಟ್ರೆ ಸಾರಿಗೆ ಉಪ್ಪೇ ಇಲ್ಲ!"

ಸ್ಲೇಟು ಒರೆಸಿ ಮತ್ತೆ ಬರೆದೆ: ಎರಡು, ಎಂಟು, ಒಂದು. ಹೈಸ್ಕೂಲಿನಲ್ಲಿ ಬೆತ್ತದ ಏಟಿಗೂ ತಲೆಗಿಳಿಯದ್ದು ಆವತ್ತು ಇಳಿಯಿತು.

ನಂಜನಗೂಡಿನ ಪರೀಕ್ಷಾ ಕೊಠಡಿಯಲ್ಲಿ ಹದಿನಾರು ವರ್ಷದ ಮಕ್ಕಳ ನಡುವೆ ಮೀಸೆ ಹೊತ್ತು ಕೂತೆ. ಸೋಡಿಯಂ ಪರಮಾಣುವಿನ ಚಿತ್ರ ಬರೆದು ಭಾಗಗಳನ್ನು ಹೆಸರಿಸಿ ಎಂಬ ಪ್ರಶ್ನೆ ಬಂತು. ನಾಲ್ಕು ಅಂಕ. ಹಾಳು ಕೈ ಏಳಕ್ಕೇ ನಿಂತಿತು. ನನ್ನನ್ನೇ ಬೈದುಕೊಂಡು ಎಂಟನೆಯ ಚುಕ್ಕಿ ಇಟ್ಟೆ. ಹೊರಗೆ ಒಂದೇ ಒಂದು.

ವಿಜ್ಞಾನಕ್ಕೆ ಮೂವತ್ತೇಳು ಬಂತು. ಮೂವತ್ತೈದಕ್ಕೆ ಪಾಸು. ಆ ನಾಲ್ಕು ಇಲ್ಲದಿದ್ದರೆ ನಾನು ಹೆಲ್ಪರ್ ಆಗಿಯೇ ಮುದುಕನಾಗುತ್ತಿದ್ದೆ.

ಕಾರ್ಡ್ ನೋಡಿ ಚಂದ್ರಶೇಖರ್ ಎಲ್ಲರ ಮುಂದೆಯೇ ಕೇಳಿದರು. "ನಾಳೆಯಿಂದ ನೀನು ಆಪರೇಟರ್ ಕಣಯ್ಯ. ಯಾವ ಮೇಷ್ಟ್ರತ್ರ ಟ್ಯೂಷನ್ನು?"

"ನಮ್ಮನೆಯೋಳತ್ರ, ಸಾ."

ಜೊತೆ ಹೆಲ್ಪರ್ ಬೆಟ್ಟಸ್ವಾಮಿ ಕಿಸಕ್ಕೆಂದ. "ಎಂಡ್ರು ತಾವ ಪಾಠ ಏಳುಸ್ಕಂಡ್ಯಾ?"

"ಊ ಕಣ್ಲಾ. ಬೇಕಾದ್ರೆ ನೀನೂ ಬಾ, ಸ್ಲೇಟ್ ಇಡ್ಕಂಡು."

ಆ ಸಂಜೆ ಕಾರ್ಡನ್ನು ಶಿವಮ್ಮಣ್ಣಿಯ ಕೈಗೆ ಕೊಟ್ಟು, "ಇದು ನಿಂದು. ಕೆಲ್ಸಾನೂ ನಿಂದೇ" ಅಂದೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಷ್ಟು ಏಳ್ಕೊಟ್ರೂ ಮೂವತ್ತೇಳೇನಾ?"

"ತಪ್ಪಾಯ್ತು ಮೇಷ್ಟ್ರೇ" ಅಂದೆ.